ಗೋಡೆ ಕುಡಿದ ಗಾಳಿ

ನಮ್ಮಕ್ಕ ಎಂದರೆ ನನಗೆ ಪ್ರಾಣ. ಆದರೆ ಅವಳು ಸರಿ, ನಾನು ತಪ್ಪು ಎಂದು ಯಾರಾದರೂ ಹೇಳಿದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಈಗ ತಲೆಯಲ್ಲಿ ಅರ್ಧಕ್ಕರ್ಧ ಬಿಳಿಕೂದಲು ಬಂದಿದೆ, ಕನ್ನಡಕ ಬಂದಿದೆ, ಮಂಡಿನೋವೂ ಬಂದಿದೆ. ಆ ಉರಿ ಮಾತ್ರ ಎಲ್ಲಿಗೂ ಹೋಗಿಲ್ಲ.

ಗ್ರಹಚಾರ ನೋಡಿ, ಇಬ್ಬರಿಗೂ ಒಂದೇ ಸಂಸ್ಥೆಯಲ್ಲಿ ಕೆಲಸ. ಅಕ್ಕ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಹಾಕುವವಳು. ಅವಳ ಕೋಣೆಗೆ ದೊಡ್ಡ ಕಿಟಕಿ, ಕಿಟಕಿಯಲ್ಲಿ ಕುಂಡಗಳು, ಕುಂಡದ ತುಂಬ ಹೂವು. ನಾನು ನೆಲಮಾಳಿಗೆಯಲ್ಲಿ ಯಂತ್ರದ ಪಕ್ಕ ಕೂತು ಅಳತೆ ಮಾಡುವವಳು. ನನ್ನ ಕೋಣೆಗೆ ಕಿಟಕಿಯಿಲ್ಲ. ಪಂಪುಗಳ ಗುಂಯ್ ಸದ್ದು ಇದೆ, ತಲೆಯ ಮೇಲೆ ಸದಾ ತೊಟ್ಟಿಕ್ಕುವ ಒಂದು ಪೈಪ್ ಇದೆ.

ಯಂತ್ರ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಜಗಳದ ತಲೆಬುಡ ತಿಳಿಯುವುದಿಲ್ಲ. ಲಾರಿ ಟೈರಿನ ಆಕಾರದ, ಒಂದು ಮನೆಯಷ್ಟು ದೊಡ್ಡ ಉಕ್ಕಿನ ಉಂಗುರ. ಅದರೊಳಗೆ ಇಷ್ಟೇ ಇಷ್ಟು ಹೈಡ್ರೋಜನ್ ಬಿಟ್ಟು ಸೂರ್ಯನ ಒಡಲಿಗಿಂತ ಹೆಚ್ಚು ಕಾಯಿಸುತ್ತೇವೆ. ಅಷ್ಟು ಕಾದ ಅನಿಲಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಅದನ್ನು ಯಾವ ಪಾತ್ರೆಯೂ ತಡೆಯಲಾರದು. ಅದಕ್ಕೇ ಸುತ್ತ ದೊಡ್ಡ ದೊಡ್ಡ ಕಾಂತಗಳನ್ನಿಟ್ಟು ನಡುವೆ ತೇಲಿಸಿ ಹಿಡಿಯುತ್ತೇವೆ. ಕಾವು ಒಳಗೇ ಉಳಿದರೆ ಒಂದಲ್ಲ ಒಂದು ದಿನ ಅದರಿಂದ ವಿದ್ಯುತ್ ತೆಗೆಯಬಹುದು. ಉಳಿಯಬೇಕಲ್ಲ! ಒಲೆಯ ಮೇಲಿನ ನೀರಿನ ಹಾಗೆ ಒಳಗೆಲ್ಲ ಕುದಿದು, ಸುಳಿ ಎದ್ದು, ಕಾವು ಅಂಚಿಗೆ ಸೋರಿಹೋಗುತ್ತದೆ. ಆ ಕದಡಾಟ ಎಷ್ಟು ಎಂದು ಆಂಟೆನಾ ಇಟ್ಟು ಅಳೆಯುವುದು ನನ್ನ ಹೊಟ್ಟೆಪಾಡು. ಅದು ಯಾಕೆ ಹಾಗೆ ಕದಡುತ್ತದೆ ಎಂದು ಲೆಕ್ಕ ಹಾಕುವುದು ಅಕ್ಕನದು.

ಹೈಡ್ರೋಜನ್ನಿನಲ್ಲಿ ಹಗುರದ್ದೊಂದು, ಅದರ ಎರಡರಷ್ಟು ತೂಗುವ ಡ್ಯುಟೀರಿಯಂ ಎನ್ನುವ ಭಾರದ್ದೊಂದು. ಐಸೋಟೋಪ್ ಎನ್ನುವುದು ಇದಕ್ಕೇ: ಗುಣ ಒಂದೇ, ತೂಕ ಬೇರೆ. ಪುಸ್ತಕದ ಸರಳ ಲೆಕ್ಕದ ಪ್ರಕಾರ ಭಾರದ್ದು ದೊಡ್ಡ ದೊಡ್ಡ ಸುಳಿ ಎಬ್ಬಿಸಿ ಕಾವನ್ನು ಬೇಗ ಸೋರಿಸಬೇಕು. ಆದರೆ ಎಷ್ಟೋ ಯಂತ್ರಗಳಲ್ಲಿ ಕಂಡದ್ದು ಉಲ್ಟಾ, ಭಾರದ್ದೇ ಕಾವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಯಾಕೆ ಎಂದರೆ ಒಬ್ಬೊಬ್ಬರದು ಒಂದೊಂದು ಮಾತು. ಅಕ್ಕನ ಮಾತು ಇದು: ಭಾರದ ಪ್ಲಾಸ್ಮಾದಲ್ಲಿ ಅಡ್ಡ ಹರಿವುಗಳು ಗಟ್ಟಿಯಾಗಿ ನಿಂತು ಸುಳಿಗಳನ್ನು ಚೂರುಚೂರು ಮಾಡುತ್ತವೆ. ಇದೊಂದನ್ನು ಲೆಕ್ಕದಲ್ಲಿ ತೋರಿಸಲು ಅವಳು ಅರ್ಧ ಆಯುಸ್ಸು ಸವೆಸಿದ್ದಾಳೆ.

ಈಗ ಇನ್ನೂ ದೊಡ್ಡ ಯಂತ್ರ ಕಟ್ಟುವ ಮಾತು ನಡೆದಿತ್ತು. ಅದರ ನಕ್ಷೆಗೆ ಯಾರ ಲೆಕ್ಕ ನಂಬುವುದು? ಡೈರೆಕ್ಟರ್ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟರು. ನಮ್ಮ ಯಂತ್ರದಲ್ಲೇ ಎರಡೂ ಅನಿಲ ಹಾಕಿ ನೋಡುವುದು. ಹಗುರದ್ದು ಹೆಚ್ಚು ಕದಡಿದರೆ ಅಕ್ಕನ ಗುಂಪು ಮುಂದುವರಿಯುತ್ತದೆ. ವ್ಯತ್ಯಾಸ ಕಾಣದಿದ್ದರೆ ಆ ಗುಂಪಿನ ಬಾಗಿಲು ಮುಚ್ಚಿ, ಅಕ್ಕ ಹೋಗಿ ಲೈಬ್ರರಿ ಸಮಿತಿ ನೋಡಿಕೊಳ್ಳಬೇಕು. ಈ ಪ್ರಯೋಗಕ್ಕೆ ಮುಖ್ಯಸ್ಥೆ ಯಾರು ಅಂದುಕೊಂಡಿರಿ? ನಾನೇ. ಅದೂ ಜೀವಮಾನದಲ್ಲಿ ಮೊದಲ ಸಲ.

"ಒಳ್ಳೇ ಕಥೆ ಆಯ್ತಲ್ಲೇ ಪುಟ್ಟಿ," ಎಂದು ಅಕ್ಕ ನಕ್ಕಳು. "ನನ್ನ ಜುಟ್ಟು ಕೊನೆಗೂ ನಿನ್ನ ಕೈಗೆ ಸಿಕ್ತು."

ಪುಟ್ಟಿಯಂತೆ ಪುಟ್ಟಿ! ಐವತ್ತರ ಹೊಸಿಲಲ್ಲಿ ನಿಂತ ಹೆಂಗಸು ನಾನು.

ಅನಿಲ ಬದಲಿಸುವುದು ಎಂದರೆ ಸಿಲಿಂಡರ್ ಬದಲಿಸಿದಷ್ಟು ಸುಲಭವಲ್ಲ. ಯಂತ್ರದ ಒಳಗೋಡೆಗೆ ಇದ್ದಿಲಿನಂಥ ಕಪ್ಪು ಬಿಲ್ಲೆಗಳನ್ನು ಹೊದಿಸಿರುತ್ತಾರೆ. ವಾರಗಟ್ಟಲೆ ಭಾರದ ಅನಿಲದಲ್ಲಿ ಓಡಿಸಿದರೆ ಅವು ಬಟ್ಟೆ ನೀರು ಕುಡಿದ ಹಾಗೆ ಅದನ್ನು ಕುಡಿದು ಕೂತಿರುತ್ತವೆ. ಆಮೇಲೆ ನೀವು ಹಗುರದ್ದನ್ನು ಬಿಟ್ಟರೂ, ಕಾವು ತಾಗಿದ ಕೂಡಲೇ ಗೋಡೆ ಹಳೆಯದನ್ನು ಕಕ್ಕುತ್ತದೆ. ಅದಕ್ಕೇ ಮೊದಲು ಗೋಡೆ ತೊಳೆಯಬೇಕು. ನಮ್ಮಲ್ಲಿ ತೊಳೆಯುವುದು ಎಂದರೆ ಹಗುರದ ಅನಿಲದಲ್ಲೇ ಮಂದವಾದ ಗುಲಾಬಿ ಬೆಳಕು ಹೊತ್ತಿಸಿ ಗಂಟೆಗಟ್ಟಲೆ ಬಿಡುವುದು. ಸ್ವಚ್ಛವಾಯಿತೋ ಇಲ್ಲವೋ ಎನ್ನುವುದನ್ನು ಬೆಳಕಿನ ಬಣ್ಣ ಹೇಳುತ್ತದೆ. ಎರಡು ಅನಿಲಗಳ ಕೆಂಪಿಗೂ ಕೂದಲೆಳೆಯಷ್ಟೇ ವ್ಯತ್ಯಾಸ. ಅದನ್ನು ಬಿಡಿಸಿ ನೋಡುವ ಉಪಕರಣದ ಒಡೆಯ ನಮ್ಮ ಸಹೋದ್ಯೋಗಿ ಒಬ್ಬ. ಎಲ್ಲರೂ ಅವನನ್ನು ಬಣ್ಣದಣ್ಣ ಎಂದೇ ಕರೆಯುವುದು. ಆ ವಾರ ಬಣ್ಣದಣ್ಣ ಮಗಳ ಹೆರಿಗೆಗೆಂದು ರಜೆ ಹಾಕಿ ಹೋಗಿದ್ದ.

ಪ್ರಯೋಗದ ದಿನ ಬೆಳಗ್ಗೆಯೇ ತಂಪು ನೀರಿನ ಪಂಪ್ ಕೈಕೊಟ್ಟಿತು. ಅದು ಸರಿಯಾಗುವಷ್ಟರಲ್ಲಿ ಅರ್ಧ ದಿನ ಮಣ್ಣುಪಾಲು. ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮುಖ್ಯಸ್ಥೆಯಾದ ಮೊದಲ ದಿನವೇ ಕೈಕಟ್ಟಿ ಕೂರುವುದೇ?

"ತೊಳೆದದ್ದು ಸಾಕು," ಎಂದೆ. "ಉಳಿದಿದ್ದು ಓಡಿಸ್ತಾ ಓಡಿಸ್ತಾ ತಾನಾಗೇ ಹೋಗುತ್ತೆ."

"ಬಣ್ಣ ನೋಡೋದು ಬೇಡ್ವಾ ಮೇಡಂ?" ಎಂದು ಆಪರೇಟರ್ ಕೇಳಿದ.

"ಸಿಲಿಂಡರ್ ಮೇಲೆ ಏನು ಬರ್ದಿದೆ? ಹೈಡ್ರೋಜನ್. ಮತ್ತೆ ಒಳಗೇನು ಹಾಲು ಬರುತ್ತಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಬಣ್ಣದ ಮಾತು ಅಲ್ಲಿಗೇ ಮುಗಿಯಿತು.

ಫಲಿತಾಂಶ ಬಂತು. ಭಾರದ ಅನಿಲದ ಕದಡಾಟವೂ ಹಗುರದ್ದರ ಕದಡಾಟವೂ ಪಕ್ಕಪಕ್ಕ ಇಟ್ಟರೆ ಅವಳಿಜವಳಿ. ವ್ಯತ್ಯಾಸ ಎಳ್ಳಷ್ಟೂ ಇಲ್ಲ. ಅಂದರೆ ಅಕ್ಕನ ಲೆಕ್ಕ ನೆಗೆದುಬಿತ್ತು. ಖುಷಿಯಾಯಿತೇ ಎಂದರೆ ಆಯಿತು, ಯಾಕೆ ಸುಳ್ಳು ಹೇಳಲಿ? ಜೊತೆಗೆ ಅಕ್ಕನಿಗಾಗಿ ಬೇಜಾರೂ ಆಯಿತು. ಆದರೆ ಖುಷಿಯೇ ಒಂದು ಕೈ ಮೇಲಿತ್ತು.

ನಮ್ಮಲ್ಲಿ ಒಂದು ಅಭ್ಯಾಸವಿದೆ. ಅಳತೆಯ ಸಂಕೇತವನ್ನು ಕಿವಿಗೆ ಕೇಳುವಷ್ಟು ನಿಧಾನ ಮಾಡಿ ಸ್ಪೀಕರಿನಲ್ಲಿ ಹಾಕುತ್ತೇವೆ. ಗದ್ದಲ ಹೆಚ್ಚಿದ್ದರೆ ಕದಡಾಟ ಹೆಚ್ಚು. ಆ ಗದ್ದಲದ ಒಳಗೆ ತಂಬೂರಿಯ ಹಾಗೆ ಒಂದೇ ಸಮನೆ ಒಂದು ಗುಂಯ್‌ಕಾರವೂ ಇರುತ್ತದೆ. ಅಕ್ಕ ನೆಲಮಾಳಿಗೆಗೆ ಇಳಿದು ಬಂದಾಗ ನಾನು ಎರಡೂ ಅನಿಲಗಳ ಸದ್ದನ್ನು ಒಂದರ ಹಿಂದೊಂದು ಹಾಕಿ ಕೇಳಿಸಿದೆ. ಅವಳು ತಲೆ ಬಗ್ಗಿಸಿ ಕೇಳಿದಳು. ಇನ್ನೊಂದು ಸಲ ಹಾಕು ಎಂದಳು. ಆಮೇಲೆ ಆ ಸದ್ದನ್ನು ತನ್ನ ಫೋನಿಗೆ ಕಳಿಸಿಕೊಂಡಳು.

"ಚೆನ್ನಾಗಿದೆ ಕಣೇ," ಎಂದಳು. "ನೀಟಾಗಿ ಅಳೆದಿದೀಯ."

ಅಷ್ಟೇ! ಒಂದು ವಾದವಿಲ್ಲ, ಒಂದು ಪ್ರಶ್ನೆಯಿಲ್ಲ. ನಾನು ಸೊಂಟ ಕಟ್ಟಿ ನಿಂತಿದ್ದೆ, ಅವಳು ಮೆಟ್ಟಿಲು ಹತ್ತಿ ಹೊರಟೇಹೋದಳು.

ಡೈರೆಕ್ಟರ್ ಮೇಡಂ ತೀರ್ಮಾನದ ಮೀಟಿಂಗ್ ಕರೆದ ದಿನ, ಬೆಳಗಿನ ಕಾಫಿಯ ಜೊತೆ ಗಟ್ಟಿ ಬಿಸ್ಕತ್ತು ಕಡಿದು ನನ್ನ ದವಡೆಹಲ್ಲು ಮುರಿಯಿತು. ಮೀಟಿಂಗ್ ಇದ್ದದ್ದು ಮಧ್ಯಾಹ್ನ. ಕೆನ್ನೆ ಹಿಡಿದುಕೊಂಡು ಭಾವನ ಕ್ಲಿನಿಕ್ಕಿಗೆ ಓಡಿದೆ. ಭಾವ, ಅಂದರೆ ಅಕ್ಕನ ಗಂಡ, ದಂತವೈದ್ಯರು. ಕೈ ಬಹಳ ಒಳ್ಳೆಯದು, ಬಾಯಿಗೆ ಮಾತ್ರ ಬೀಗವಿಲ್ಲ.

"ಆ ಅನ್ನು. ಇನ್ನೂ ಅಗಲ. ಬೈಯುವಾಗ ತೆಗೀತೀಯಲ್ಲ, ಅಷ್ಟು ಅಗಲ," ಎಂದರು. ಇಂಜೆಕ್ಷನ್ ಚುಚ್ಚಿದರು, ಬಾಯಿ ತುಂಬ ಹತ್ತಿ ತುರುಕಿದರು. ಆಮೇಲೆ ಶುರುವಾಯಿತು ಪುರಾಣ.

"ಇವತ್ತಲ್ವಾ ನಿಮ್ಮ ಮೀಟಿಂಗು? ಈ ತಲೆನೋವು ಇವತ್ತಿಗಾದ್ರೂ ಮುಗೀಲಪ್ಪ. ದಿನಾ ಸಂಜೆ ಬಂದು ನಿಮ್ಮಕ್ಕ ಆ ನಿನ್ನ ಗುಂಯ್ ಅನ್ನೋದನ್ನೇ ಹಾಕ್ಕೊಂಡು ಕೂತ್ಕೋತಾಳೆ. ಏನೇ ಇದು ಅಂದ್ರೆ, ಶ್ರುತಿ ಏರಿಲ್ಲ ರೀ, ಏರಬೇಕಿತ್ತು ಅಂತಾಳೆ. ಏರದಿದ್ರೆ ಏನೀಗ ಅಂದೆ. ಒಳಗಿರೋ ಅನಿಲನೇ ಬದಲಾಗಿಲ್ಲ, ಪುಟ್ಟಿ ಗೋಡೆ ಸರಿಯಾಗಿ ತೊಳ್ದಿಲ್ಲ ಅಂದ್ಲು. ಹಾಗಾದ್ರೆ ಹೋಗಿ ಹೇಳು ಮಾರಾಯ್ತಿ ಅಂದ್ರೆ, ಪಾಪ, ಮೊದಲನೇ ಸಲ ಅವಳಿಗೆ ಆ ಕುರ್ಚಿ ಸಿಕ್ಕಿದೆ, ನಾನೇ ಹೇಗ್ರೀ ಕಿತ್ಕೊಳ್ಳಲಿ ಅಂತ..."

ಭಾವನ ಕೈ ನಿಂತಿತು. ನನ್ನ ಕಣ್ಣು ನೋಡಿದರು.

"ಅಯ್ಯಯ್ಯೋ. ಇದನ್ನ ನಿನಗೆ ಹೇಳಬಾರದಿತ್ತು ಅಲ್ವಾ?"

"ಆಂ! ಊಂ! ಅಅಅ!" ಎಂದೆ. ಹತ್ತಿ ತುಂಬಿದ ಬಾಯಲ್ಲಿ ಬೇರೇನು ಹೇಳುವುದಕ್ಕಾಗುತ್ತದೆ!

ಹಲ್ಲು ಕೊರೆಯುವ ಸದ್ದಿನಲ್ಲಿ ಮಲಗಿ ಯೋಚಿಸಿದೆ. ಯೋಚಿಸಿದಷ್ಟೂ ಮುಖ ಬಿಸಿಯಾಯಿತು. ಅನಿಲ ಹಗುರವಾದರೆ ಆ ಗುಂಯ್‌ಕಾರದ ಶ್ರುತಿ ಏರಲೇಬೇಕು. ದಪ್ಪ ತಂತಿ ಬಿಚ್ಚಿ ಸಣ್ಣ ತಂತಿ ಕಟ್ಟಿದ ಹಾಗೆ. ಇದು ನಮ್ಮ ಕೆಲಸದ ಓನಾಮ. ನಾನು ಗದ್ದಲ ಎಷ್ಟು ಎಂದು ಅಳೆದೆ, ಕುಣಿದಾಡಿದೆ, ಶ್ರುತಿಯ ಕಡೆ ಕಿವಿಯನ್ನೇ ಕೊಡಲಿಲ್ಲ. ನಾನು ಭಾರದ ಅನಿಲವನ್ನು ಭಾರದ ಅನಿಲದ ಜೊತೆಗೇ ಹೋಲಿಸಿ ವ್ಯತ್ಯಾಸವಿಲ್ಲ ಎಂದಿದ್ದೆ. ಥೂ ನನ್ನ!

ಅಕ್ಕನ ಕೋಣೆಗೆ ನುಗ್ಗಿದಾಗ ಅವಳು ಹೂವಿನ ಕುಂಡಗಳನ್ನು ಒಂದೊಂದೇ ರಟ್ಟಿನ ಡಬ್ಬಕ್ಕೆ ಇಳಿಸುತ್ತಿದ್ದಳು. ಕುಂಡಗಳನ್ನು ಕಂಡೇ ನನ್ನ ಪಿತ್ತ ನೆತ್ತಿಗೇರಿತು.

"ನಿನಗೆ ಗೊತ್ತಿತ್ತು!" ಎಂದು ಕೂಗಿದೆ. ಅರ್ಧ ತುಟಿ ಮರಗಟ್ಟಿತ್ತು. ಕೂಗಿದ್ದರಲ್ಲಿ ಅರ್ಧ ಬರಿ ಗಾಳಿಯಾಗಿ ಹೋಯಿತು.

"ಬಾಯಿಗೇನಾಯ್ತೇ? ಕೂತ್ಕೋ ಮೊದಲು. ನಿಮ್ಮ ಭಾವ ಬಾಯಿಬಿಟ್ರಾ?"

"ಬಾಯಿ ಬಿಟ್ಕೊಂಡಿದ್ದು ನಾನು, ಮಾತಾಡಿದ್ದು ಅವರು! ಗೋಡೆ ತೊಳ್ದಿಲ್ಲ ಅಂತ ಗೊತ್ತಿದ್ದೂ ಸುಮ್ನಿದ್ಯಲ್ಲ, ಏನಂದ್ಕೊಂಡಿದೀಯ ನನ್ನ?"

ಅಕ್ಕ ಕೈಯ ಮಣ್ಣು ಕೊಡವಿದಳು. "ನಿನಗಿಂತ ಮುಂಚೆ ಆ ಕುರ್ಚಿಲಿದ್ದವನು ಇದೇ ತರ ಆತುರ ಮಾಡಿದ. ಈಗ ಪಾರ್ಕಿಂಗ್ ಪಾಸ್ ಬರೀತಾ ಕೂತಿದಾನೆ. ನಿನ್ನನ್ನೂ ಅಲ್ಲಿ ನೋಡ್ಬೇಕಿತ್ತಾ? ನನ್ನದೇನೇ, ಇನ್ನು ಕೆಲವು ವರ್ಷ. ಲೈಬ್ರರಿಯಲ್ಲಿ ತಣ್ಣಗೆ ಕೂತಿರ್ತೀನಿ."

"ತಣ್ಣಗಂತೆ! ಇದೊಂದು ಲೆಕ್ಕಕ್ಕೆ ಮನೆಮಠ ಮರ್ತು ಕೂತಿದ್ದವಳು ನೀನು. ನನ್ನ ಮೇಲಿನ ಕನಿಕರಕ್ಕೆ ಅದನ್ನ ಮಣ್ಣು ಮಾಡ್ತೀಯಾ?"

"ಸೋಲ್ತಿರೋ ಟೈಮಲ್ಲಿ ಬಂದು ಅಳತೆನೇ ತಪ್ಪು ಅಂದ್ರೆ ಯಾರು ನಂಬ್ತಾರೆ?"

"ನಾನು ನಂಬ್ತಿದ್ದೆ!"

"ನಂಬ್ತಿರಲಿಲ್ಲ. ಒಂದು ವಾರ ನನ್ನ ಜೊತೆ ಮಾತು ಬಿಡ್ತಿದ್ದೆ ನೀನು."

ಬಿಡುತ್ತಿದ್ದೆ, ನಿಜ. ಆಗ ಇದ್ದಕ್ಕಿದ್ದ ಹಾಗೆ ತಲೆಯಲ್ಲಿ ಏನೋ ಹೊಳೆಯಿತು.

"ಅಕ್ಕಾ. ಚಿಕ್ಕವರಿದ್ದಾಗ ಕೇರಂ ಆಡ್ತಿದ್ವಲ್ಲ. ಆಗ್ಲೂ ಹೀಗೇ ಮಾಡ್ತಿದ್ಯಾ?"

ಅಕ್ಕ ಕುಂಡದ ಎಲೆಯೊಂದನ್ನು ಒರೆಸತೊಡಗಿದಳು. "ಕೆಲವು ಸಲ."

"ಕೆಲವು ಸಲ ಅಂದ್ರೆ?"

"ಸೋತ್ರೆ ಊಟ ಬಿಟ್ಟುಬಿಡ್ತಿದ್ದೆ ಕಣೇ ನೀನು. ಏನು ಮಾಡ್ಬೇಕಿತ್ತು?"

ಇಡೀ ಬಾಲ್ಯದಲ್ಲಿ ನಾನು ಗೆದ್ದದ್ದೆಲ್ಲ ಒಂದೇ ಏಟಿಗೆ ನೀರುಪಾಲಾಯಿತು. ಅಲ್ಲೇ ಅವಳ ಕುರ್ಚಿಯಲ್ಲಿ ಕುಸಿದು ಗಳಗಳ ಅತ್ತೆ. ಮರಗಟ್ಟಿದ ಕಡೆಯಿಂದ ಜೊಲ್ಲು ಬೇರೆ ಇಳಿಯುತ್ತಿತ್ತು. ಅಕ್ಕ ಸೆರಗಿನಿಂದ ಒರೆಸಲು ಬಂದಳು, ನಾನು ಅವಳ ಕೈ ತಳ್ಳಿಬಿಟ್ಟೆ. ಇನ್ನು ಜನ್ಮದಲ್ಲಿ ನನಗೆ ಏನನ್ನೂ ಬಿಟ್ಟುಕೊಡಬೇಡ ಎಂದೆ. ಎಂದೆನೋ, ಗೊಳೋ ಎಂದೆನೋ, ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ.

ಮೀಟಿಂಗಿನಲ್ಲಿ ಯಾರೂ ಮಾತು ಶುರು ಮಾಡುವ ಮೊದಲೇ ಎದ್ದು ನಿಂತೆ. ಬಾಯಿಗೆ ಕರವಸ್ತ್ರ ಹಿಡಿದುಕೊಂಡೇ ಹೇಳಿದೆ: ಗೋಡೆ ಪೂರ್ತಿ ತೊಳೆದಿರಲಿಲ್ಲ, ಬಣ್ಣ ನೋಡಲಿಲ್ಲ, ಆತುರ ನನ್ನದು, ತಪ್ಪೂ ನನ್ನದು, ಆ ಫಲಿತಾಂಶವನ್ನು ದಯವಿಟ್ಟು ಬಿಸಾಡಿ.

ಡೈರೆಕ್ಟರ್ ಮೇಡಂ ಅಕ್ಕನ ಕಡೆ ತಿರುಗಿದರು. "ನಿಮಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ."

"ಮತ್ಯಾಕೆ ಹೇಳ್ಲಿಲ್ಲ?"

"ತಂಗಿ," ಎಂದಳು ಅಕ್ಕ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಸಂಸ್ಥೆನೋ ನಿಮ್ಮನೆ ಅಡುಗೆಮನೆನೋ? ಒಬ್ಬರು ಗೋಡೆ ತೊಳೆಯಲ್ಲ, ಇನ್ನೊಬ್ಬರು ಬಾಯಿ ತೆರೆಯಲ್ಲ!" ಎಂದು ನನ್ನ ಕಡೆ ತಿರುಗಿದರು. "ರಿಪೇರಿಗೆ ಯಂತ್ರ ನಿಲ್ಲೋದರೊಳಗೆ ಇನ್ನೊಂದೇ ಒಂದು ಸಲ ಓಡಿಸಿ. ನೀವೇ ಕೂತು ತೊಳೀರಿ. ಬಣ್ಣ ನೋಡೋರು ಸರಿ ಅನ್ನೋವರೆಗೂ ಕಂಟ್ರೋಲ್ ರೂಮಿಂದ ಏಳಬೇಡಿ. ಈ ಸಲ ಏನು ಬರುತ್ತೋ ಅದೇ ಕೊನೆ. ನಿಮ್ಮ ಕುರ್ಚಿ ವಿಷಯ ಆಮೇಲೆ ನೋಡ್ತೀನಿ."

ಬಣ್ಣದಣ್ಣ ರಜೆ ಮುಗಿಸಿ ಮೊಮ್ಮಗಳ ಫೋಟೋ ಫೋನಿನಲ್ಲಿ ತುಂಬಿಕೊಂಡು ಬಂದ. ನಾನು ಗೋಡೆ ತೊಳೆಯುತ್ತಾ ಆ ಫೋಟೋಗಳನ್ನೆಲ್ಲ ನೋಡಿದೆ. ಮೂಗು ನಿನ್ನದೇ ಎಂದೆ, ಬಾಯಿಗೆ ಬಂದ ಸುಳ್ಳು. ಗುಲಾಬಿ ಬೆಳಕು ಉರಿಯುತ್ತಲೇ ಇತ್ತು. ಕೇಳಿದಾಗೆಲ್ಲ "ಇನ್ನೂ ಇದೆ, ಇನ್ನೂ ಕಕ್ತಾ ಇದೆ" ಎಂದು ಅವನು ತಲೆಯಾಡಿಸುವುದು, ನಾನು ಮತ್ತೆ ಕೂರುವುದು. ಮುಖ್ಯಸ್ಥೆಯ ಕೆಲಸ ಹೀಗೆ ಕಸಮುಸುರೆಯಷ್ಟು ಬೇಸರದ್ದು ಎಂದು ಯಾರೂ ನನಗೆ ಹೇಳಿರಲಿಲ್ಲ. ಕೊನೆಗೆ ಅವನು ಹೆಬ್ಬೆರಳೆತ್ತಿದ.

ಹಗುರದ ಅನಿಲ, ಈ ಸಲ ನಿಜವಾಗಿಯೂ ಹಗುರದ್ದೇ, ಒಳಗೆ ಹೋಯಿತು. ಸ್ಪೀಕರಿನಲ್ಲಿ ಶ್ರುತಿ ಮೊದಲಿಗಿಂತ ಚೆನ್ನಾಗಿಯೇ ಏರಿತ್ತು. ಗದ್ದಲವಂತೂ ಸಂತೆ! ಕಾವು ಸರಸರನೆ ಸೋರುತ್ತಿತ್ತು. ಭಾರದ್ದು ಶಾಂತ, ಹಗುರದ್ದು ಪುಂಡ. ಅಕ್ಕ ಹೇಳಿದ ದಿಕ್ಕೇ ಸರಿ. ಕಂಟ್ರೋಲ್ ರೂಮಿನಲ್ಲಿ ಚಪ್ಪಾಳೆ ಬಿತ್ತು. ಸುದ್ದಿ ಡೈರೆಕ್ಟರರಿಗೆ ಮುಟ್ಟಿ, ಅಕ್ಕನ ಗುಂಪು ಮುಂದುವರಿಯಲಿ ಎಂದು ಅವರು ಫೋನಿನಲ್ಲೇ ಹೇಳಿದರು. ನನಗೆ ಎಷ್ಟು ಹಗುರವಾಯಿತೆಂದರೆ ಬಣ್ಣದಣ್ಣನ ಬೆನ್ನಿಗೆ ಒಂದು ಗುದ್ದಿಬಿಟ್ಟೆ.

ಆಮೇಲೆ ವ್ಯತ್ಯಾಸ ಎಷ್ಟು ಎಂದು ಕೂತು ಅಳೆದೆ. ಅಕ್ಕನ ಲೆಕ್ಕ ಹೇಳಿದ್ದರ ಅರ್ಧ. ಇನ್ನೊಮ್ಮೆ ಅಳೆದೆ, ಅರ್ಧವೇ. ಬಣ್ಣದಣ್ಣನನ್ನು ಕೂರಿಸಿ ಅಳೆಸಿದೆ. ಅವನಿಗೂ ಅರ್ಧವೇ ಬಂತು. ಅಂದರೆ ಅಕ್ಕನ ಲೆಕ್ಕದಲ್ಲಿ ಎಲ್ಲೋ ಏನೋ ಬಿಟ್ಟುಹೋಗಿದೆ.

ಅದನ್ನು ಹೇಳಲು ಮೆಟ್ಟಿಲು ಹತ್ತಿದೆ. ಮೇಡಂ ಕೇಳಿದ್ದು ವ್ಯತ್ಯಾಸ ಇದೆಯೋ ಇಲ್ಲವೋ ಎಂದಷ್ಟೇ. ಇದೆ. ಅಕ್ಕನ ಬಾಗಿಲು ಮುಚ್ಚಲಿಲ್ಲ. ಈ ಅರ್ಧದ ವಿಷಯ ಒಂದು ತಿಂಗಳು ಬಿಟ್ಟು ಹೇಳಿದರೆ ಗಂಟೇನು ಹೋಗುತ್ತದೆ? ಪಾಪ, ಇವತ್ತೊಂದು ದಿನ ಖುಷಿಯಾಗಿರಲಿ. ಬಾಗಿಲ ಹತ್ತಿರ ಬರುವಷ್ಟರಲ್ಲಿ ಮನಸ್ಸಿನಲ್ಲೇ ಅವಳಿಗೆ ಕೇರಂ ಬೋರ್ಡು ಹಾಸಿ ಕಾಯಿ ಬಿಟ್ಟುಕೊಡಲು ಕೂತಿದ್ದೆ! ನನ್ನ ಮೇಲೆ ನನಗೇ ರೇಗಿತು. ಬಾಗಿಲು ಬಡಿಯದೆ ಒಳಗೆ ನುಗ್ಗಿದೆ.

"ದಿಕ್ಕು ಸರಿ ಇದೆ," ಎಂದೆ. "ಪ್ರಮಾಣ ತಪ್ಪು. ನೀನು ಹೇಳಿದ್ದರಲ್ಲಿ ಅರ್ಧನೇ ಬಂದಿರೋದು. ನಿನ್ನ ಲೆಕ್ಕದಲ್ಲಿ ಏನೋ ಬಿಟ್ಟಿದೀಯ."

ಅಕ್ಕ ನನ್ನನ್ನೇ ನೋಡಿದಳು. ಈಗ ಚೆನ್ನಾಗಿದೆ ಕಣೇ ಎನ್ನುತ್ತಾಳೆ, ನೀಟಾಗಿ ಅಳೆದಿದೀಯ ಎನ್ನುತ್ತಾಳೆ ಎಂದು ನನ್ನ ಜೀವ ಬಾಯಿಗೆ ಬಂತು.

"ಅರ್ಧನಾ?" ಎಂದಳು. ಮೂಗಿನ ಹೊಳ್ಳೆ ಅರಳಿತು. "ಅರ್ಧನಂತೆ ಅರ್ಧ! ನಿನ್ನ ಆಂಟೆನಾ ನೋಡೋದು ಅಂಚನ್ನ. ನಡುವೆ ಏನು ನಡೀತಿದೆ ಅಂತ ಅದಕ್ಕೇನೇ ಗೊತ್ತು? ಗೋಡೆ ತೊಳೆಯಕ್ಕೆ ಬರದೋಳು ನನ್ನ ಲೆಕ್ಕ ತಿದ್ದಕ್ಕೆ ಬಂದ್ಲು!"

"ಅಂಚಲ್ಲೇ ಅಲ್ವಾ ನಿನ್ನ ಅಡ್ಡ ಹರಿವು ಗಟ್ಟಿ ಅಂತ ಬರೆದಿದ್ದು? ನಿನ್ನದೇ ಪೇಪರ್ ತೆಗೆದು ಓದು!"

"ಓದಿ ಹೇಳ್ತೀಯಾ ನನಗೆ? ಕೂತ್ಕೋ ಇಲ್ಲಿ! ಎಲ್ಲಿ, ಬಿಚ್ಚು ನಿನ್ನ ಅಳತೆ, ಒಂದೊಂದೇ ತೋರ್ಸು. ನಿನ್ನ ಅರ್ಧದ ಹಣೆಬರಹ ಇವತ್ತೇ ನೋಡಿಬಿಡ್ತೀನಿ!"

ಅವಳು ಮೇಜು ಗುದ್ದಿದ ರಭಸಕ್ಕೆ ಪೆನ್ನಿನ ಲೋಟ ಉರುಳಿತು. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು, ನಮ್ಮಿಬ್ಬರನ್ನೂ ನೋಡಿ, ಹಾಗೇ ಹಿಂದೆ ಸರಿದರು. 'ಪುಟ್ಟಿ' ಎಂದು ಒಂದು ಸಲವೂ ಅನ್ನಲಿಲ್ಲ ಅವಳು. ಮುಖ ಕೆಂಪಗಾಗಿತ್ತು, ಕುತ್ತಿಗೆಯ ನರ ಉಬ್ಬಿತ್ತು. ನಮ್ಮಕ್ಕ ನನ್ನ ಜೊತೆ ಜಗಳ ಆಡುತ್ತಿದ್ದಳು, ಜೀವಮಾನದಲ್ಲಿ ಮೊದಲ ಸಲ, ಗೆಲ್ಲಲೇಬೇಕೆಂದು. ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು ನನಗೆ. ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಕೂತೆ, ಒಂದು ಅಂಕಿಯನ್ನೂ ಬಿಟ್ಟುಕೊಡಲಿಲ್ಲ.